ತೈಲವರ್ಣದಲ್ಲಿ ಮನುಷ್ಯನ ಮುಖ

1868ನೆಯ ಇಸವಿಯಲ್ಲಿ ಡೆನ್ಮಾರ್ಕ್ ಮೂಲದ ಥಿಯೊಡೋರ್ ಜೆನ್ಸನ್ ಎಂಬ ಚಿತ್ರಕಾರನು ತಿರುವಾಂಕೂರಿನ ಮಹಾರಾಜರಾದ ಆಯಿಲ್ಯಂ ತಿರುನಾಳರ ಭಾವಚಿತ್ರವನ್ನು ಬರೆಯುವುದಕ್ಕೆಂದು ತಿರುವನಂತಪುರಕ್ಕೆ ಬಂದಾಗ, ಅರಮನೆಯ ಆಶ್ರಯದಲ್ಲಿದ್ದ ಕಿಳಿಮಾನೂರಿನ ಇಪ್ಪತ್ತು ವರ್ಷದ ತರುಣನೊಬ್ಬನಿಗೆ ತನ್ನ ವಿದ್ಯೆಯನ್ನು ಹೇಳಿಕೊಡಲು ಅವನು ಮನಸ್ಸು ಮಾಡಲಿಲ್ಲವೆಂದೂ, ತಾನು ಕೆಲಸ ಮಾಡುವಾಗ ಬಳಿಯಲ್ಲಿದ್ದು ನೋಡುವುದಕ್ಕೆ ಮಾತ್ರ ಅನುಮತಿ ಕೊಟ್ಟನೆಂದೂ ರಾಜಾ ರವಿವರ್ಮನ ಜೀವನವೃತ್ತಾಂತವನ್ನು ಬರೆದವರು ಹೇಳಿರುವರು. ಐದು ವರ್ಷಗಳ ತರುವಾಯ, 1873ರಲ್ಲಿ, ಅದೇ ತರುಣನು ಬರೆದ, ಕೇಶವನ್ನು ಸಿಂಗರಿಸಿಕೊಳ್ಳುತ್ತಿರುವ ನಾಯರ್ ಸ್ತ್ರೀಯ ತೈಲಚಿತ್ರಕ್ಕೆ ಮದರಾಸಿನ ಪ್ರದರ್ಶನದಲ್ಲಿ ಚಿನ್ನದ ಪದಕವೂ ವಿಯೆನ್ನಾದ ಪ್ರದರ್ಶನದಲ್ಲಿ ಮನ್ನಣೆಯೂ ದೊರೆತವು.

ನೋಡಿದ ಮಾತ್ರಕ್ಕೆ ಒಂದು ವಿದ್ಯೆ ಕೈಗೆ ಹತ್ತುವುದುಂಟೆ ಎಂದು ಓದುಗರಿಗೆ ಸಂಶಯ ಬರಬಹುದು. ಜೀವಂತ ವ್ಯಕ್ತಿಯನ್ನು ಎದುರಿಗೆ ಕುಳ್ಳಿರಿಸಿಕೊಂಡು ಎಣ್ಣೆಬಣ್ಣದಲ್ಲಿ ಅವನ ಯಥಾರ್ಥರೂಪವನ್ನು ಬರೆಯುವ ಕಲೆಯಲ್ಲಿ ಅದು ಸಾಧ್ಯವೆಂಬುದು ಮಾತ್ರವಲ್ಲ, ಅದೇ ರಾಜಮಾರ್ಗವೆಂದು ನಾನು ನಂಬಿದ್ದೇನೆ; ಏಕೆಂದರೆ ಇಲ್ಲಿ ಕೈಗಿಂತ ಮೊದಲು ಶಿಕ್ಷಣ ಪಡೆಯಬೇಕಾದುದು ಕಣ್ಣು. ನುರಿತ ಚಿತ್ರಕಾರನು ಕೆಲಸದಲ್ಲಿ ತೊಡಗಿರುವುದನ್ನು ಗಮನಿಸಿದವರಿಗೆ ಈ ಮಾತಿನ ಅರ್ಥ ತಾನಾಗಿ ಹೊಳೆಯುತ್ತದೆ. ಅವನು ಕುಂಚವನ್ನು ಚಿತ್ರಕ್ಕೆ ತಾಗಿಸುವ ಹೊತ್ತು ಅಲ್ಪ. ಹಿಂದಕ್ಕೆ ಸರಿದು, ಕಣ್ಣನ್ನು ಅರೆಮುಚ್ಚಿ, ಎದುರಿಗೆ ಕುಳಿತವರನ್ನೊಮ್ಮೆ, ಚಿತ್ರವನ್ನೊಮ್ಮೆ, ಬಣ್ಣದ ಹಲಗೆಯನ್ನೊಮ್ಮೆ ನೋಡುತ್ತ ನಿಲ್ಲುವ ಹೊತ್ತೇ ಬಹಳ. ಅವನು ಹಾಗೆ ನೋಡುವುದು ಮೂಗನ್ನಲ್ಲ, ತುಟಿಯನ್ನಲ್ಲ. ಮೂಗಿನ ಪಕ್ಕದ ನೆರಳು ಗದ್ದದ ಕೆಳಗಿನ ನೆರಳಿಗಿಂತ ಎಷ್ಟು ತಿಳಿಯಾಗಿದೆ, ಹಣೆಯ ಬೆಳಕು ಕೆನ್ನೆಯ ಬೆಳಕಿಗಿಂತ ಎಷ್ಟು ಮೇಲು ಎಂಬ ಪರಸ್ಪರ ಸಂಬಂಧವನ್ನು. ಭಾವಚಿತ್ರದ ಸಾದೃಶ್ಯವೆಂಬುದು ಈ ಸಂಬಂಧಗಳಲ್ಲಿ ನೆಲಸಿದೆಯೇ ಹೊರತು ಅವಯವಗಳ ವಿವರದಲ್ಲಿ ಅಲ್ಲ. ಪರಿಚಿತರೊಬ್ಬರು ದೂರದ ರಸ್ತೆಯ ತಿರುವಿನಲ್ಲಿ ಬರುತ್ತಿರುವಾಗ, ಅವರ ಕಣ್ಣು ಮೂಗು ಯಾವುದೂ ಕಾಣದಿದ್ದರೂ ಇಂಥವರೇ ಎಂದು ನಾವು ಗುರುತಿಸಬಲ್ಲೆವಷ್ಟೆ! ಆ ಗುರುತಿಗೆ ಆಧಾರವಾದುದನ್ನು ಮೊದಲು ಹಿಡಿದು, ಉಳಿದುದನ್ನು ಅದಕ್ಕೆ ಅಧೀನವಾಗಿ ಇರಿಸುವವನೇ ಈ ಕಲೆಯಲ್ಲಿ ಗೆಲ್ಲುವವನು.

ನಮ್ಮ ದೇಶದ ಚಿತ್ರಸಂಪ್ರದಾಯಕ್ಕೆ ಸಾದೃಶ್ಯದ ವಿಚಾರ ಹೊಸದೇನಲ್ಲ. ಕಾಮಸೂತ್ರಕ್ಕೆ ವ್ಯಾಖ್ಯಾನ ಬರೆದ ಯಶೋಧರನು ಚಿತ್ರಕ್ಕೆ ಆರು ಅಂಗಗಳನ್ನು ಹೇಳುವಲ್ಲಿ ಪ್ರಮಾಣ, ಭಾವ, ಲಾವಣ್ಯಗಳೊಂದಿಗೆ ಸಾದೃಶ್ಯವನ್ನೂ ವರ್ಣಿಕಾಭಂಗವನ್ನೂ ಎಣಿಸಿದ್ದಾನೆ. ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನೇ ಬರೆದ ಶಕುಂತಲೆಯ ಚಿತ್ರವನ್ನು ಮುಂದಿಟ್ಟುಕೊಂಡು, ಕಿವಿಯ ಮೇಲಣ ಶಿರೀಷ ಪುಷ್ಪವನ್ನು ಇನ್ನೂ ಬರೆದಿಲ್ಲವಲ್ಲಾ ಎಂದು ಪರಿತಪಿಸುವ ಸಂದರ್ಭವನ್ನು ಬಲ್ಲವರು, ಜೀವಂತ ವ್ಯಕ್ತಿಯ ಪ್ರತಿಕೃತಿಯನ್ನು ಬರೆಯುವುದು ನಮ್ಮಲ್ಲಿ ಎಷ್ಟು ಸಹಜವಾದ ಅಭ್ಯಾಸವಾಗಿತ್ತೆಂಬುದನ್ನು ಊಹಿಸಬಲ್ಲರು. ಆದರೆ ನಮ್ಮವರ ಸಾದೃಶ್ಯ ಬಹುಮಟ್ಟಿಗೆ ರೇಖೆಯನ್ನು ನೆಚ್ಚಿದ್ದು. ಮೈಸೂರು ಸಂಪ್ರದಾಯದ ಚಿತ್ರಗಾರರು ಒಂದೇ ಎಳೆಯಲ್ಲಿ ಹುಬ್ಬಿನಿಂದ ಮೂಗಿನ ತುದಿಯವರೆಗೆ ಎಳೆಯುತ್ತಿದ್ದ ಗೆರೆಯ ನಯವನ್ನು ಮೆಚ್ಚದವರಾರು? ಅದು ಕಡಿಮೆಯ ವಿದ್ಯೆಯೆಂದು ಯಾರೂ ಭಾವಿಸಬಾರದು. ತೈಲವರ್ಣವು ತಂದುಕೊಟ್ಟುದು ಇನ್ನೊಂದು ಬಗೆಯ ಸಾಮರ್ಥ್ಯವನ್ನು. ಬೆಳಕು ನೆರಳಾಗಿ ತಿರುಗುವಲ್ಲಿ ಗೆರೆಯೇ ಇಲ್ಲದಂತೆ, ಒಂದು ಬಣ್ಣವು ಮತ್ತೊಂದರಲ್ಲಿ ಕರಗಿಹೋಗುವಂತೆ ಮಾಡುವ ಶಕ್ತಿ ಅದು. ಜೆನ್ಸನ್ನನ ಬಳಿಯಲ್ಲಿ ರವಿವರ್ಮನು ಕಣ್ಣಿಟ್ಟು ನೋಡಿದ್ದು ಅದನ್ನೇ.

ಈ ಶಕ್ತಿಯ ಮೂಲವಿರುವುದು ಎಣ್ಣೆಯ ಸ್ವಭಾವದಲ್ಲಿ. ಅಗಸೆಬೀಜದ ಎಣ್ಣೆಯಲ್ಲಿ ನುಣ್ಣಗೆ ಅರೆದ ಬಣ್ಣದ ಪುಡಿ, ಇಷ್ಟೇ ಇದರ ಮೂಲದ್ರವ್ಯ. ಒದ್ದೆಬಟ್ಟೆಯಿಂದ ನೀರು ಆರಿಹೋಗುವಂತೆ ಈ ಎಣ್ಣೆ ಆರಿಹೋಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು, ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ದ್ರವವಾಗಿದ್ದುದು ಮೆಲ್ಲಮೆಲ್ಲನೆ ಗಟ್ಟಿಯಾದ ಪೊರೆಯಾಗಿ ಮಾರ್ಪಡುತ್ತದೆ. ಹಾಗೆ ಒಣಗುವಾಗ ಅದರ ತೂಕ ಕುಗ್ಗುವುದಕ್ಕೆ ಬದಲು ಮೊದಮೊದಲು ಹೆಚ್ಚುವುದೇ ಈ ಕ್ರಿಯೆಗೆ ಸಾಕ್ಷಿ. ನಮ್ಮ ಮನೆಗಳ ಕೊಬ್ಬರಿ ಎಣ್ಣೆಗಾಗಲಿ ಹರಳೆಣ್ಣೆಗಾಗಲಿ ಈ ಗುಣವಿಲ್ಲ. ಅಗಸೆ, ಅಕ್ರೋಟು, ಗಸಗಸೆ ಮೊದಲಾದ ಕೆಲವೇ ಎಣ್ಣೆಗಳಿಗೆ ಉಂಟು. ಮೇಲ್ಮೈ ಕೈಗೆ ಅಂಟದಷ್ಟು ಒಣಗಲು ಕೆಲವು ದಿನಗಳು, ಒಳಗೆಲ್ಲ ಗಟ್ಟಿಯಾಗಲು ಹಲವು ತಿಂಗಳುಗಳು ಬೇಕು. ಈ ವಿಳಂಬವೇ ಚಿತ್ರಕಾರನಿಗೆ ವರ. ಬೆಳಗ್ಗೆ ಹಚ್ಚಿದ ಬಣ್ಣವನ್ನು ಸಂಜೆಯ ವೇಳೆಗೆ ತಿದ್ದಬಹುದು, ಬೆರೆಸಬಹುದು, ಬೇಡವಾದರೆ ಬಟ್ಟೆಯಿಂದ ಒರಸಿ ತೆಗೆಯಬಹುದು. ಒಣಗಿದ ಮೇಲೆ ಅದರ ಮೇಲೊಂದು ತೆಳುವಾದ ಪಾರದರ್ಶಕ ಲೇಪವನ್ನು ಹರಡಿ, ಕೆಳಗಿನ ಬಣ್ಣವು ಗಾಜಿನ ಒಳಗಿನಿಂದೆಂಬಂತೆ ಹೊಳೆಯುವ ಹಾಗೆ ಮಾಡಬಹುದು.

ಈ ಗುಟ್ಟನ್ನು ಹದಿನೈದನೆಯ ಶತಮಾನದ ಫ್ಲಾಂಡರ್ಸಿನ ಯಾನ್ ವಾನ್ ಐಕ್ ಎಂಬ ಮಹಾಚಿತ್ರಕಾರನೇ ಕಂಡುಹಿಡಿದನೆಂದು ಬಹುಕಾಲ ಹೇಳುತ್ತಿದ್ದರು. ಅವನಿಗಿಂತ ಎಷ್ಟೋ ಹಿಂದೆ ಬಣ್ಣವನ್ನು ಎಣ್ಣೆಯಲ್ಲಿ ಕಲಸುತ್ತಿದ್ದರೆಂಬುದು ಈಗ ನಿಶ್ಚಯವಾಗಿದೆ. ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳಲ್ಲಿರುವ ಸುಮಾರು ಏಳನೆಯ ಶತಮಾನದ ಬೌದ್ಧ ಭಿತ್ತಿಚಿತ್ರಗಳಲ್ಲಿ ಇಂಥ ಎಣ್ಣೆಯ ಅಂಶವಿರುವುದನ್ನು 2008ರಲ್ಲಿ ಪರೀಕ್ಷಕರು ಪ್ರಕಟಪಡಿಸಿದರು. ವಾನ್ ಐಕ್ ಕಂಡುಹಿಡಿದುದು ಎಣ್ಣೆಯನ್ನಲ್ಲ, ಎಣ್ಣೆಯ ಮೂಲಕ ಮನುಷ್ಯಮುಖವನ್ನು. ಇನ್ನೊಂದು ಸಣ್ಣ ಸಂಗತಿಯನ್ನೂ ಇಲ್ಲಿಯೇ ಹೇಳಬೇಕು: ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದ ಕಾಲ ಹೋಗಿ, 1841ರಲ್ಲಿ ಜಾನ್ ರ್ಯಾಂಡ್ ಎಂಬ ಅಮೆರಿಕದ ಚಿತ್ರಕಾರನು ತವರದ ಟ್ಯೂಬನ್ನು ಸಿದ್ಧಪಡಿಸಿದ ಮೇಲೆಯೇ ಚಿತ್ರಕಾರನು ತನ್ನ ಬಣ್ಣಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ತುಂಬಿಕೊಂಡು ಸಮುದ್ರವನ್ನು ದಾಟುವುದು ಸುಲಭವಾದುದು.

ಬಟ್ಟೆಯ ಮೇಲೆ ನೇರವಾಗಿ ಎಣ್ಣೆಬಣ್ಣ ಹಚ್ಚುವಂತಿಲ್ಲ; ಹಚ್ಚಿದರೆ ಎಣ್ಣೆಯು ನಾರನ್ನು ಕಾಲಕ್ರಮದಲ್ಲಿ ತಿಂದುಹಾಕುತ್ತದೆ. ಆದುದರಿಂದ ಬಿಗಿದ ಲಿನನ್ ಬಟ್ಟೆಗೆ ಮೊದಲು ಸರೇಸನ್ನು ಬಳಿದು, ಅದರ ಮೇಲೆ ಬಿಳಿಯ ತಳಲೇಪವನ್ನು ಕೊಡುವರು. ಆ ಬಿಳುಪಿನ ಮೇಲೆಯೇ ಕೆಲಸ ಆರಂಭಿಸುವುದು ಜಾಣತನವಲ್ಲ, ಏಕೆಂದರೆ ಬಿಳಿಯ ಪಕ್ಕದಲ್ಲಿಟ್ಟ ಯಾವ ಬಣ್ಣವೂ ಇರುವುದಕ್ಕಿಂತ ಕಪ್ಪಾಗಿ ತೋರಿ ಕಣ್ಣಿಗೆ ಮೋಸ ಮಾಡುತ್ತದೆ. ಮಣ್ಣುಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಕರಗಿಸಿ ಬಟ್ಟೆಯನ್ನೆಲ್ಲ ನಸುಗಂದಾಗಿ ಮಾಡಿಕೊಂಡರೆ, ಅದಕ್ಕಿಂತ ತಿಳಿಯಾದುದು ಬೆಳಕು, ಅದಕ್ಕಿಂತ ದಟ್ಟವಾದುದು ನೆರಳು ಎಂಬ ಅಳತೆ ಮೊದಲ ಗಳಿಗೆಯಲ್ಲಿಯೇ ಸಿಕ್ಕುತ್ತದೆ. ಮುಂದೆ ಬರುವ ಪದರಗಳಲ್ಲಿ ಎಣ್ಣೆಯ ಪ್ರಮಾಣ ಒಂದಕ್ಕಿಂತ ಒಂದರಲ್ಲಿ ಹೆಚ್ಚುತ್ತ ಹೋಗಬೇಕು. ಎಣ್ಣೆ ಹೆಚ್ಚಾದ ಪದರ ನಿಧಾನವಾಗಿ ಒಣಗುವುದರಿಂದ, ಅದು ಕೆಳಗಿದ್ದು ಬೇಗ ಒಣಗುವ ಪದರ ಮೇಲಿದ್ದರೆ ಕೆಳಗಿನದರ ಚಲನೆಗೆ ಮೇಲಿನದು ಬಿರಿದುಹೋಗುತ್ತದೆ. ಹಳೆಯ ಚಿತ್ರಗಳ ಮುಖದಲ್ಲಿ ಕಾಣುವ ಬಿರುಕುಗಳಲ್ಲಿ ಎಷ್ಟೋ ಬಿರುಕುಗಳು ವಯಸ್ಸಿನಿಂದಲ್ಲ, ಈ ನಿಯಮವನ್ನು ಮರೆತ ಆತುರದಿಂದ ಬಂದವು.

ಬೆಳಕಿನ ವಿಚಾರಕ್ಕೆ ಬರೋಣ. ಯೂರೋಪಿನ ಪುಸ್ತಕಗಳೆಲ್ಲ ಉತ್ತರದ ಕಿಟಕಿಯನ್ನು ಹೊಗಳುತ್ತವೆ. ಅಲ್ಲಿ ನೇರ ಬಿಸಿಲು ಬಹುಮಟ್ಟಿಗೆ ಬೀಳದೆ, ಆಕಾಶದ ತಂಪಾದ ಬೆಳಕು ದಿನವಿಡೀ ಒಂದೇ ತೆರನಾಗಿರುವುದರಿಂದ, ಮೂಗಿನ ನೆರಳು ಬೆಳಗ್ಗೆ ಒಂದೆಡೆ ಮಧ್ಯಾಹ್ನ ಇನ್ನೊಂದೆಡೆ ಓಡಾಡದೆ ನಿಂತಲ್ಲಿಯೇ ನಿಲ್ಲುತ್ತದೆ. ಆ ಉಪದೇಶವನ್ನು ನಮ್ಮ ನಾಡಿನಲ್ಲಿ ಅಕ್ಷರಶಃ ಪಾಲಿಸಿದವರಿಗೆ ಬೇಸಗೆಯಲ್ಲಿ ಆಶ್ಚರ್ಯ ಕಾದಿರುತ್ತದೆ. ಮೈಸೂರು ಭೂಮಧ್ಯರೇಖೆಯಿಂದ ಹನ್ನೆರಡು ಡಿಗ್ರಿಗಳಿಗಿಂತ ಸ್ವಲ್ಪವೇ ಉತ್ತರಕ್ಕಿರುವ ಕಾರಣ, ಏಪ್ರಿಲ್ ಕೊನೆಯ ಭಾಗದಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯನು ನೆತ್ತಿಗಿಂತ ಉತ್ತರದಲ್ಲಿರುತ್ತಾನೆ; ಆಗ ಉತ್ತರದ ಕಿಟಕಿಗೆ ತೆಳುವಾದ ಬಿಳಿಯ ಪರದೆಯಿಲ್ಲದೆ ಕೆಲಸ ಸಾಗದು. ಮಳೆಗಾಲದ ತೇವದಲ್ಲಿ ಬಣ್ಣ ಒಣಗುವುದು ತಡವಾಗುತ್ತದೆ, ಸರೇಸು ನೀರನ್ನು ಹೀರಿ ಬಟ್ಟೆಯ ಬಿಗಿ ಬದಲಾಗುತ್ತದೆ, ಬೂಷ್ಟು ಹಿಡಿಯುವ ಭಯವೂ ಉಂಟು. ಪರದೇಶದ ಕೈಪಿಡಿಗಳನ್ನು ಓದುವ ತರುಣರು ಇವೆಲ್ಲವನ್ನೂ ತಮ್ಮ ಊರಿನ ಆಕಾಶವನ್ನು ನೋಡಿ ತಿದ್ದಿಕೊಳ್ಳಬೇಕು.

ಮೊದಲ ರೂಪರೇಖೆಯಲ್ಲಿ ಎಡವುವವರೇ ಹೆಚ್ಚು. ತಲೆಯ ನೆತ್ತಿಯಿಂದ ಗದ್ದದವರೆಗಿನ ಎತ್ತರದಲ್ಲಿ ಕಣ್ಣುಗಳು ಹೆಚ್ಚುಕಡಿಮೆ ನಟ್ಟನಡುವಿನಲ್ಲಿರುವುವೆಂದರೆ ಹೊಸಬರು ನಂಬುವುದಿಲ್ಲ. ಕಣ್ಣು, ಮೂಗು, ಬಾಯಿಗಳಲ್ಲಿಯೇ ಮನಸ್ಸು ನೆಟ್ಟಿರುವುದರಿಂದ ಹಣೆಯನ್ನೂ ಕೂದಲನ್ನೂ ಅವರು ಸಂಕೋಚಪಡಿಸಿ, ಕಣ್ಣನ್ನು ಮೇಲಕ್ಕೆ ಏರಿಸಿಬಿಡುವರು. ಎರಡು ಕಣ್ಣುಗಳ ನಡುವೆ ಸುಮಾರಾಗಿ ಇನ್ನೊಂದು ಕಣ್ಣು ಹಿಡಿಯುವಷ್ಟು ಅಂತರ, ಕಿವಿಯ ಉದ್ದ ಹುಬ್ಬಿನಿಂದ ಮೂಗಿನ ಬುಡದವರೆಗೆ ಎಂಬ ಅಳತೆಗಳು ಆರಂಭಕ್ಕೆ ಊರುಗೋಲು. ಆದರೆ ಒಬ್ಬೊಬ್ಬನ ಮುಖವೂ ಈ ಅಳತೆಯಿಂದ ಕೂದಲೆಳೆಯಷ್ಟು ತಪ್ಪಿಸಿಕೊಂಡಿರುತ್ತದೆ, ಆ ತಪ್ಪಿಸಿಕೊಂಡ ಭಾಗವೇ ಆ ಮನುಷ್ಯ. ಕಣ್ಣನ್ನು ಕಿರಿದು ಮಾಡಿ ನೋಡಿದರೆ ರೆಪ್ಪೆ, ಹುಬ್ಬಿನ ಕೂದಲು, ಸುಕ್ಕು ಎಲ್ಲವೂ ಮಾಯವಾಗಿ ಮುಖವು ಎರಡು ಮೂರು ದೊಡ್ಡ ಆಕಾರಗಳಾಗಿ ಒಡೆಯುತ್ತದೆ: ಬೆಳಕಿನದೊಂದು, ನೆರಳಿನದೊಂದು, ಕೂದಲಿನದೊಂದು. ಈ ದೊಡ್ಡ ಆಕಾರಗಳ ಅಂಚು ಸರಿಯಾಗಿ ಬಿದ್ದಲ್ಲಿ ಕಣ್ಣು ಬರೆಯುವುದಕ್ಕೆ ಮೊದಲೇ ಗುರುತು ಹತ್ತುತ್ತದೆ. ಬೀಳದಿದ್ದಲ್ಲಿ ಎಂಥ ಅಂದವಾದ ಕಣ್ಣನ್ನು ಬರೆದರೂ ಚಿತ್ರ ಬೇರೆಯವರದೇ ಆಗುತ್ತದೆ. ಚಿತ್ರವನ್ನು ಕನ್ನಡಿಯಲ್ಲಿ ತಿರುಗುಮುರುಗಾಗಿ ನೋಡಿ ತಪ್ಪನ್ನು ಹಿಡಿಯಬೇಕೆಂದು ಲಿಯೊನಾರ್ಡೊ ದ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಹೇಳಿದ್ದು ಇಂದಿಗೂ ಅಷ್ಟೇ ಉಪಯುಕ್ತ.

ಇನ್ನು ಮೈಬಣ್ಣ. ಅಂಗಡಿಯಲ್ಲಿ ಮೈಬಣ್ಣವೆಂದು ಹೆಸರಿಟ್ಟು ಮಾರುವ ಟ್ಯೂಬನ್ನು ಕೊಳ್ಳುವ ಹವ್ಯಾಸಿಗಳ ಮೇಲೆ ನನಗೆ ಕನಿಕರವಾಗುತ್ತದೆ. ಅಂಥ ಬಣ್ಣವಿರುವ ಮನುಷ್ಯನು ಲೋಕದಲ್ಲಿ ಇಲ್ಲ. ಸ್ವೀಡನ್ ದೇಶದ ಆಂಡರ್ಸ್ ಜೋರ್ನ್ (1860–1920) ಬಿಳುಪು, ಹಳದಿ ಓಕರ್, ಇಂಗಲಿಕದ ಕೆಂಪು, ಐವರಿ ಬ್ಲ್ಯಾಕ್ ಎಂಬ ಕಪ್ಪು, ಈ ನಾಲ್ಕರಿಂದಲೇ ಬಹುಮಟ್ಟಿಗೆ ಮುಖಗಳನ್ನೆಲ್ಲ ಬರೆಯುತ್ತಿದ್ದನೆಂದು ಪ್ರಸಿದ್ಧಿ. ಇದರಲ್ಲಿ ನೀಲಿಯೇ ಇಲ್ಲವಲ್ಲಾ ಎನ್ನಬಹುದು. ಕೆಂಪು ಹಳದಿಗಳ ನಡುವೆ ಇಟ್ಟಾಗ ಕಪ್ಪು ಬಿಳುಪಿನ ಮಿಶ್ರಣವೇ ನೀಲಿಯಾಗಿ ಕಾಣುತ್ತದೆ. ಕಪ್ಪಿಗೆ ಓಕರ್ ಬೆರೆಸಿದರೆ ಹಸುರು ಹುಟ್ಟುತ್ತದೆ. ಬಣ್ಣವೂ ನೆರೆಯಿಂದಲೇ ತನ್ನ ಗುಣವನ್ನು ಪಡೆಯುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು.

ನಮ್ಮವರ ಕಂದುಮೈಯನ್ನು ಹತ್ತಿರದಿಂದ ನೋಡಿರಿ. ಕಂದು ಎಂದು ನಾವು ಒಂದೇ ಮಾತಿನಲ್ಲಿ ಮುಗಿಸುವ ಆ ಮೈಯಲ್ಲಿ, ಹಣೆಯ ಉಬ್ಬಿನ ಮೇಲೆ ಬೆವರಿನ ನಸುಹೊಳಪಿಗೆ ಆಕಾಶದ ಬೆಳಕು ತಾಗಿದೆಡೆಯಲ್ಲಿ ತಣ್ಣನೆಯ ನೀಲಿಗಪ್ಪು ಮಿಂಚುತ್ತದೆ. ಬೆಳಕು ನೆರಳಿನ ಕಡೆಗೆ ತಿರುಗುವ ಮಧ್ಯಚ್ಛಾಯೆಯಲ್ಲಿ ಎಳೆಯ ಹಸುರಿನ ಸುಳಿವು. ನೆರಳಿನ ಒಳಗೆ, ಕಪ್ಪಿರಬೇಕೆಂದು ನಾವು ಊಹಿಸುವಲ್ಲಿ, ಕಾವಿಮಣ್ಣಿನ ಬಿಸಿಯಾದ ಕೆಂಪು. ಹಣೆಗೆ ಹಳದಿಯ ಛಾಯೆ, ಕೆನ್ನೆ ಮೂಗು ಕಿವಿಗಳ ಪಟ್ಟಿಗೆ ರಕ್ತದ ಕೆಂಪು, ಗಂಡಸರ ಗದ್ದಕ್ಕೆ ಗಡ್ಡದ ಬೇರುಗಳಿಂದ ಬೂದುನೀಲಿ ಎಂದು ಹಳೆಯ ಗುರುಗಳು ಹೇಳಿಕೊಡುತ್ತಿದ್ದ ಪಾಠ ಕಂದುಮುಖಕ್ಕೂ ಒಪ್ಪುತ್ತದೆ, ಮೆಲುದನಿಯಲ್ಲಿ ಮಾತ್ರ. ಬಿಳಿಯರ ಮುಖಕ್ಕೆಂದು ಬರೆದ ಸೂತ್ರಕ್ಕೆ ಕಂದುಬಣ್ಣವನ್ನು ಸುರಿದರೆ ಮಡಕೆಯಂಥ ಮುಖ ಬರುವುದೇ ಹೊರತು ಮನುಷ್ಯನದು ಬರುವುದಿಲ್ಲ. ರವಿವರ್ಮನ ನಿಜವಾದ ಸಾಧನೆಯನ್ನು ನಾನು ಕಾಣುವುದು ಅವನ ಪೌರಾಣಿಕ ರಂಗಸಜ್ಜಿಕೆಯಲ್ಲಿ ಅಲ್ಲ, ದಕ್ಷಿಣದೇಶದ ಹೆಂಗಸರ ಕೊರಳು ತೋಳುಗಳಲ್ಲಿ ಈ ಬೆಚ್ಚನೆಯ ಕಂದನ್ನು ಹಿಡಿದಿಟ್ಟುದರಲ್ಲಿ. ಮೈಸೂರಿನ ಚಾಮರಾಜೇಂದ್ರ ಒಡೆಯರು 1885ರಲ್ಲಿ ಅವನನ್ನು ಕರೆಸಿಕೊಂಡು ರಾಜಮನೆತನದವರ ಭಾವಚಿತ್ರಗಳನ್ನು ಬರೆಸಿದರು. ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗುವವರು ಅವನ ಚಿತ್ರಗಳ ಮುಂದೆ ಕಥೆಯನ್ನು ಕ್ಷಣಕಾಲ ಮರೆತು, ಒಂದು ಕೈಯ ಬಣ್ಣವನ್ನಷ್ಟೇ ನೋಡುತ್ತ ನಿಲ್ಲಬೇಕೆಂದು ನನ್ನ ಕೋರಿಕೆ.

ಕಣ್ಣನ್ನು ಬರೆಯುವಾಗ ಎಲ್ಲರೂ ಮಾಡುವ ತಪ್ಪೆಂದರೆ ಬಿಳಿಗುಡ್ಡೆಗೆ ಬಿಳಿಯನ್ನು ಹಚ್ಚುವುದು. ಅದು ಗೋಳ, ಮೇಲುರೆಪ್ಪೆ ಅದರ ಮೇಲೆ ನೆರಳು ಚೆಲ್ಲುತ್ತದೆ; ಆದುದರಿಂದ ಅದು ಬೂದಿಯ ಬಣ್ಣಕ್ಕೇ ಹತ್ತಿರ, ಮೂಲೆಯಲ್ಲಿ ನಸುಗೆಂಪು. ಬೆಳಕು ಮೇಲೆ ಎಡಗಡೆಯಿಂದ ಬಂದರೆ ಹೊಳಪಿನ ಚುಕ್ಕೆ ಪಾಪೆಯ ಮೇಲೆ ಎಡಕ್ಕೆ ನಿಲ್ಲುತ್ತದೆ. ಒಳಹೊಕ್ಕ ಬೆಳಕು ಕಂದುವರ್ತುಲದ ಬಲಗಡೆಯ ಕೆಳಭಾಗವನ್ನು ಒಳಗಿನಿಂದ ಬೆಳಗಿಸಿ ಜೇನುಬಣ್ಣಕ್ಕೆ ತಿರುಗಿಸುತ್ತದೆ. ಈ ಎದುರುಬದುರಿನ ಜೋಡಿಯನ್ನು ಗಮನಿಸದವನ ಚಿತ್ರದಲ್ಲಿ ಕಣ್ಣು ಗುಂಡಿಯಂತಿರುತ್ತದೆ, ಗಮನಿಸಿದವನದರಲ್ಲಿ ಅದು ತೇವವಾಗಿರುತ್ತದೆ. ಬಾಯಿಯಂತೂ ಭಾವಚಿತ್ರಕಾರನ ಪರೀಕ್ಷಾಸ್ಥಾನ. ತುಟಿಯ ಗಡಿಯನ್ನು ಗೆರೆಯೆಳೆದು ತೋರಿಸಿದ ಕೂಡಲೇ ಅದು ಅಂಟಿಸಿದ ಕಾಗದವಾಗುತ್ತದೆ. ಮೇಲ್ತುಟಿ ನೆರಳಿನಲ್ಲಿ, ಕೆಳತುಟಿ ಬೆಳಕಿನಲ್ಲಿ, ಎರಡರ ಅಂಚೂ ಅಲ್ಲಲ್ಲಿ ಕಳೆದುಹೋಗಿ ಅಲ್ಲಲ್ಲಿ ಸಿಕ್ಕಬೇಕು. ಕುಳಿತವರ ಮನೋಭಾವವು ತುಟಿಗಳ ಕೊನೆಯ ಕುಳಿಯಲ್ಲಿದೆ, ಆ ಕುಳಿಯ ನೆರಳು ಒಂದು ಸಾಸಿವೆಯಷ್ಟು ಮೇಲಾದರೆ ಗಂಭೀರನಾದವನು ನಗುತ್ತಾನೆ.

ಯಥಾರ್ಥವೆಂದರೆ ಎಲ್ಲ ವಿವರವನ್ನೂ ಬರೆಯುವುದೇ ಎಂಬ ಪ್ರಶ್ನೆಗೆ ಎರಡು ಚಿತ್ರಗಳು ಉತ್ತರ ಹೇಳುತ್ತವೆ. ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿ ವಾನ್ ಐಕ್ 1433ರಲ್ಲಿ ಬರೆದ, ಕೆಂಪು ರುಮಾಲಿನ ಮನುಷ್ಯನ ಚಿತ್ರವೊಂದಿದೆ. ಪ್ರಾಯಶಃ ಅವನದೇ ಪ್ರತಿಕೃತಿ. ಆ ಸಣ್ಣ ಹಲಗೆಯ ಮೇಲೆ ಗದ್ದದ ಕುರುಚಲು ಗಡ್ಡವೂ ಕಣ್ಣಿನ ಬಿಳಿಯಲ್ಲಿ ಹರಡಿದ ರಕ್ತನಾಳವೂ ಕಾಣುತ್ತವೆ. ರೋಮಿನಲ್ಲಿ 1650ರಲ್ಲಿ ಸ್ಪೇನಿನ ವೆಲಾಸ್ಕೆತ್ ಬರೆದ ಹತ್ತನೆಯ ಇನೊಸೆಂಟ್ ಪೋಪರ ಚಿತ್ರದಲ್ಲಾದರೋ ಅಂಥ ವಿವರವನ್ನು ಹುಡುಕುತ್ತ ಹತ್ತಿರ ಹೋದವರಿಗೆ ಬರಿಯ ಕುಂಚದ ಉಜ್ಜುಗಳು ಸಿಕ್ಕುತ್ತವೆ. ಕೆಂಪು ಪರದೆಯ ಮುಂದೆ ಕೆಂಪು ಪೀಠ, ಅದರ ಮೇಲೆ ಕೆಂಪು ಮೇಲಂಗಿ, ಕೆಂಪು ಟೊಪ್ಪಿಗೆ, ಇವೆಲ್ಲದರ ನಡುವೆ ಕೆಂಪೇರಿದ ಮುಖ. ಒಂದು ಕೆಂಪು ಇನ್ನೊಂದರಲ್ಲಿ ಮುಳುಗಿಹೋಗದಂತೆ ಅವುಗಳನ್ನು ಬೇರ್ಪಡಿಸಿರುವುದು ಬೆಳಕಿನ ತರತಮವೊಂದೇ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಸಂಶಯಗ್ರಸ್ತನೂ ಚತುರನೂ ಆದ ಮುದುಕನೊಬ್ಬನು ನಮ್ಮನ್ನೇ ಅಳೆಯುತ್ತಿರುತ್ತಾನೆ. ಅದೇ ವರ್ಷ ತನ್ನ ದಾಸನೂ ಸಹಾಯಕನೂ ಆಗಿದ್ದ, ಕಂದುಮೈಯ ಹ್ವಾನ್ ದೆ ಪಾರೆಹಾನ ಚಿತ್ರವನ್ನೂ ವೆಲಾಸ್ಕೆತ್ ಬರೆದು ರೋಮಿನ ಪ್ಯಾಂಥಿಯನ್ನಿನಲ್ಲಿ ಪ್ರದರ್ಶಿಸಿದನು. ಅರಸನಿಗೆ ಸಲ್ಲುವ ನಿಲುವಿನಲ್ಲಿ ದಾಸನನ್ನು ನಿಲ್ಲಿಸಿದ ಆ ಚಿತ್ರ ಈಗ ನ್ಯೂಯಾರ್ಕಿನಲ್ಲಿದೆ, ಮತ್ತು ಆ ವರ್ಷದ ಕೊನೆಯ ಭಾಗದಲ್ಲಿಯೇ ವೆಲಾಸ್ಕೆತ್ ಪಾರೆಹಾನಿಗೆ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಎರಡು ಮಾರ್ಗಗಳೂ ಸತ್ಯವೇ. ಆದರೂ ಕೇಳಿದವರಿಗೆ ನಾನು ವೆಲಾಸ್ಕೆತ್‌ನ ಪಕ್ಷವನ್ನೇ ಹಿಡಿಯುವೆನು. ಮನುಷ್ಯನು ಮನುಷ್ಯನನ್ನು ನೋಡುವುದು ಆ ರೀತಿಯಾಗಿ.

ಛಾಯಾಚಿತ್ರವಿರುವಾಗ ಇಷ್ಟೆಲ್ಲ ಶ್ರಮವೇಕೆಂದು ಕೇಳುವವರಿಗೆ ನಾನು ಛಾಯಾಚಿತ್ರದ ನಿಂದಕನಲ್ಲವೆಂದು ಮೊದಲು ತಿಳಿಸಬೇಕು. ಮೈಸೂರು ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲಿರುವ ದಸರಾ ಮೆರವಣಿಗೆಯ ತೈಲಚಿತ್ರಗಳನ್ನು ನಮ್ಮ ಕಲಾವಿದರು ಛಾಯಾಚಿತ್ರಗಳ ನೆರವಿನಿಂದಲೇ ಬರೆದರು. ಆದರೆ ಕೇವಲ ಛಾಯಾಚಿತ್ರವನ್ನು ಬಣ್ಣದಲ್ಲಿ ನಕಲು ಮಾಡುವವನು ಅದರ ದೋಷಗಳನ್ನೂ ನಕಲು ಮಾಡುತ್ತಾನೆ: ಹತ್ತಿರದ ಮಸೂರ ಮೂಗನ್ನು ಹಿಗ್ಗಿಸುತ್ತದೆ, ನೆರಳಿನೊಳಗಿನ ಬಣ್ಣವನ್ನು ಕಪ್ಪಾಗಿಸುತ್ತದೆ, ಒಂದು ಕ್ಷಣದ ಮುಖವನ್ನು ಮಾತ್ರ ಕೊಡುತ್ತದೆ. ಎದುರಿಗೆ ಹಲವು ಬೈಠಕ್ಕುಗಳಲ್ಲಿ ಕುಳಿತವರು ಮಾತಾಡುತ್ತಾರೆ, ದಣಿಯುತ್ತಾರೆ, ತಾವು ಯಾರಿಗಾಗಿಯೋ ಧರಿಸಿಬಂದ ಮುಖವನ್ನು ಮರೆತು ತಮ್ಮ ಮುಖಕ್ಕೆ ಮರಳುತ್ತಾರೆ. ಆ ಎಲ್ಲ ಹೊತ್ತುಗಳ ಸಾರವೇ ಚಿತ್ರದಲ್ಲಿ ನಿಲ್ಲುವುದು.

ಈ ಮಾತಿಗೆ ನಮ್ಮ ನಾಡಿಗೆ ಸಂಬಂಧಪಟ್ಟ ಒಂದು ಚಿತ್ರವನ್ನು ಉದಾಹರಿಸದೆ ಇರಲಾರೆ. ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸೀಮೆಯನ್ನು ಅಳೆದು, ಊರೂರಿನ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಜಿಯ ಭಾವಚಿತ್ರವನ್ನು ಐರ್ಲೆಂಡಿನ ಥಾಮಸ್ ಹಿಕಿ 1816ರಲ್ಲಿ ಎಣ್ಣೆಬಣ್ಣದಲ್ಲಿ ಬರೆದನು. ಅದು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಕೆಂಪು ಅಂಗಿಯ ಮೆಕೆಂಜಿಯ ಜೊತೆಯಲ್ಲಿ ಮೂವರು ಭಾರತೀಯರು ನಿಂತಿರುವರು. ಓಲೆಯ ಕಟ್ಟನ್ನು ಹಿಡಿದವನು ಮಲೆಯೂರಿನ ಜೈನಪಂಡಿತ ಧರ್ಮಯ್ಯನೆಂದು ವಿದ್ವಾಂಸರು ಗುರುತಿಸಿದ್ದಾರೆ, ದೂರದ ಬೆಟ್ಟದ ಮೇಲೆ ಕಾರ್ಕಳದ ಗೊಮ್ಮಟನಿದ್ದಾನೆ. ಮೆಕೆಂಜಿಯ ಸಂಗ್ರಹಕ್ಕೆ ಹಳಗನ್ನಡದ ಶಾಸನಗಳನ್ನು ಓದಿಕೊಟ್ಟ ಒಬ್ಬ ಕನ್ನಡಿಗ ಪಂಡಿತನ ರೂಪವು ಇನ್ನೂರು ವರ್ಷಗಳ ಮೇಲೂ ನಮಗೆ ಉಳಿದಿರುವುದು ಎಣ್ಣೆಯಲ್ಲಿ ಅರೆದ ಮಣ್ಣುಬಣ್ಣದ ಕೃಪೆಯಿಂದ.

ಆದರೆ ಎಣ್ಣೆಯೂ ಅಮರವಲ್ಲ. ಇಂಗ್ಲೆಂಡಿನ ಸರ್ ಜೋಶುವ ರೆನಾಲ್ಡ್ಸ್ (1723–1792) ಕೆನ್ನೆಯ ಕೆಂಪಿಗೆ ಬೆಳಕನ್ನು ತಾಳದ ಕಾರ್ಮೈನನ್ನು ತೆಳುವಾದ ಲೇಪವಾಗಿ ಬಳಸಿದ್ದರಿಂದ ಅವನ ಹಲವು ಚಿತ್ರಗಳ ಮುಖಗಳು, ಅವುಗಳ ಮಾಲೀಕರು ಬದುಕಿರುವಾಗಲೇ ಬಿಳಿಚಿಹೋದವು. ಮುಖದ ಜೀವವು ಯಾವಾಗಲೂ ಈ ಕೊನೆಯ, ಅತ್ಯಂತ ತೆಳುವಾದ ಪದರಗಳಲ್ಲಿಯೇ ಇರುತ್ತದೆ. ಅವುಗಳ ಮೇಲಿನ ವಾರ್ನಿಷು ಕಾಲಕ್ರಮದಲ್ಲಿ ಹಳದಿಗೆ ತಿರುಗಿ ಎಲ್ಲವನ್ನೂ ಮಬ್ಬುಗೊಳಿಸುತ್ತದೆ. ಆ ಮಬ್ಬನ್ನು ಕೊಳೆಯೆಂದು ಭಾವಿಸಿ ತೊಳೆಯಲು ಹೊರಟವರು ಮೊದಲು ಕಳೆದುಕೊಳ್ಳುವುದು ಆ ತೆಳುಪದರವನ್ನು, ಎಂದರೆ ಸಾದೃಶ್ಯವನ್ನೇ.

ನಮ್ಮ ಮಠಗಳಲ್ಲಿ, ಹಳೆಯ ಹೈಸ್ಕೂಲುಗಳ ಮುಖ್ಯೋಪಾಧ್ಯಾಯರ ಕೊಠಡಿಗಳಲ್ಲಿ, ಪುರಸಭೆಯ ಸಭಾಂಗಣಗಳಲ್ಲಿ, ದೊಡ್ಡ ಮನೆಗಳ ಪಡಸಾಲೆಗಳಲ್ಲಿ ಇಂಥ ತೈಲಚಿತ್ರಗಳು ಇನ್ನೂ ಎಷ್ಟೋ ಇವೆ. ಬರೆದವರ ಹೆಸರು ಅನೇಕ ಕಡೆ ಅಳಿಸಿಹೋಗಿದೆ. ಪುಣ್ಯತಿಥಿಯ ದಿನ ಅವುಗಳ ಹಣೆಗೆ ಗಂಧ ಕುಂಕುಮಗಳನ್ನು ಹಚ್ಚುತ್ತಾರೆ, ನೀರು ತೊಟ್ಟಿಕ್ಕುವ ಹಾರವನ್ನು ಬಟ್ಟೆಗೆ ಒರಗಿಸುತ್ತಾರೆ, ಹಬ್ಬದ ಮುನ್ನ ಒದ್ದೆಬಟ್ಟೆಯಿಂದ ಉಜ್ಜುತ್ತಾರೆ, ತೀರ ಕಪ್ಪಾಯಿತೆಂದರೆ ಅಂಗಡಿಯ ಫಲಕ ಬರೆಯುವವರಿಂದ ಹೊಸ ಬಣ್ಣ ಹೊಡೆಸುತ್ತಾರೆ. ಭಕ್ತಿಯಿಂದಲೇ ಮಾಡುವ ಈ ಕೆಲಸಗಳಿಂದ ಆ ಹಿರಿಯರ ಮುಖ ವರ್ಷ ವರ್ಷಕ್ಕೂ ಅಳಿಯುತ್ತಿದೆ. ಇಂಥ ಚಿತ್ರ ತಮ್ಮ ವಶದಲ್ಲಿರುವ ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ಹಾರವನ್ನು ಚೌಕಟ್ಟಿಗೆ ಹಾಕಿರಿ, ಕುಂಕುಮವನ್ನು ಗಾಜಿಗೋ ಚೌಕಟ್ಟಿಗೋ ಇಡಿರಿ, ನೀರನ್ನೂ ಎಣ್ಣೆಯನ್ನೂ ದೂರವಿಡಿರಿ, ಬಿಸಿಲೂ ದೀಪದ ಹೊಗೆಯೂ ತಾಗದ ಒಣಗೋಡೆಗೆ ತೂಗುಹಾಕಿರಿ, ಶುದ್ಧಿ ಮಾಡಿಸಲೇಬೇಕೆಂದು ತೋರಿದಾಗ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿಯೂ ಮೈಸೂರಿನಲ್ಲಿಯೂ ಈ ಶಾಸ್ತ್ರವನ್ನು ಬಲ್ಲ ಸಂರಕ್ಷಕರ ಕಾರ್ಯಾಗಾರಗಳಿವೆ, ಅವರಿಗೆ ತೋರಿಸದೆ ಚಿತ್ರದ ಮೇಲೆ ಯಾರ ಕೈಯನ್ನೂ ಇಡಗೊಡಬೇಡಿರಿ.